ಎಂಟು ಹಾಕಿದ ಪರದೇಶಿ

ಅದು ಸಿಕ್ಕಿದ್ದು ರೇಷ್ಮೆ ಸೀರೆಗಳ ಮಡಿಕೆಯ ನಡುವೆ. ಅಮ್ಮ ತೀರಿಕೊಂಡ ಮೇಲೆ ಸಾಗರದ ಮನೆಯಿಂದ ಚೆನ್ನೈಗೆ ಬಂದ ಕಬ್ಬಿಣದ ಟ್ರಂಕು. ತಳದಲ್ಲಿ ನುಸಿಗುಳಿಗೆಯ ವಾಸನೆ ಹಿಡಿದ ಪ್ಲಾಸ್ಟಿಕ್ ಹೊದಿಕೆ, ಅದರೊಳಗೆ ಶಿವಮೊಗ್ಗ ಆರ್‌ಟಿಓ ಕಚೇರಿಯ ದುಂಡು ಮೊಹರು ಬಿದ್ದ ಡ್ರೈವಿಂಗ್ ಲೈಸೆನ್ಸ್. ಫೋಟೊದಲ್ಲಿ ಉದ್ದ ಜಡೆಯನ್ನು ಭುಜದ ಮೇಲಿಂದ ಮುಂದಕ್ಕೆ ತಂದುಕೊಂಡು ನೆಟ್ಟಗೆ ನೋಡುತ್ತಿರುವ ಇಪ್ಪತ್ತೆರಡರ ಹುಡುಗಿ. ಕೊಟ್ಟದ್ದು 1996ರಲ್ಲಿ, ಅವಧಿ ಮುಗಿದದ್ದು 2016ರಲ್ಲಿ. ಫೋಟೊದ ಕೆಳಗೆ ಕನ್ನಡದಲ್ಲಿ ಸಹಿ.

ಆ ಹುಡುಗಿಯೇ ಈಗ ಟ್ರಂಕು ತೆರೆದವರು. ಅವಧಿ ಮುಗಿದ ದಿನ ಆಕೆ ಟೆಕ್ಸಾಸ್‌ನಲ್ಲಿದ್ದರು. ಮದುವೆಯಾಗಿ 1999ರಲ್ಲಿ ಹೋದವರು, 2012ರಲ್ಲಿ ಅಮೆರಿಕದ ಪ್ರಜೆಯಾದರು. ಗಂಡನ ಕೆಲಸ ಹಳೆ ಮಹಾಬಲಿಪುರಂ ರಸ್ತೆಯ ಕಂಪನಿಯೊಂದಕ್ಕೆ ಬಂದದ್ದರಿಂದ 2021ರಲ್ಲಿ ಇಬ್ಬರೂ ಚೆನ್ನೈಗೆ ಬಂದು ಮೈಲಾಪುರದ ಪಕ್ಕ ಮನೆ ಮಾಡಿದರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಕೈಯಲ್ಲಿ ನೀಲಿ ಪಾಸ್‌ಪೋರ್ಟು. ಕಾನೂನಿನ ಲೆಕ್ಕದಲ್ಲಿ ಆಕೆ ಈಗ ವಿದೇಶಿ. 1955ರ ಪೌರತ್ವ ಕಾಯ್ದೆಯ ಪ್ರಕಾರ ಬೇರೆ ದೇಶದ ಪೌರತ್ವವನ್ನು ತಾವಾಗಿಯೇ ಪಡೆದವರ ಭಾರತೀಯ ಪೌರತ್ವ ಆ ಕ್ಷಣಕ್ಕೆ ಕೊನೆಯಾಗುತ್ತದೆ. ಬದಲಿಗೆ ಸಿಗುವುದು ಓಸಿಐ, ಎಂದರೆ ಸಾಗರೋತ್ತರ ಭಾರತೀಯರ ಕಾರ್ಡು. ಅದು ಇದ್ದರೆ ಎಷ್ಟು ದಿನ ಬೇಕಾದರೂ ಇಲ್ಲಿರಬಹುದು, ವಿದೇಶಿಯರ ನೋಂದಣಿ ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲ. ಮತ ಹಾಕುವಂತಿಲ್ಲ. ಸಾಗರದಲ್ಲಿ ನಾಲ್ಕು ಗುಂಟೆ ಅಡಿಕೆ ತೋಟ ಕೊಳ್ಳುವಂತಿಲ್ಲ.

ಕನ್ನಡದಲ್ಲಿ ಪರದೇಶಿ ಎಂಬ ಮಾತಿಗೆ ಎರಡು ಅರ್ಥ. ಹೊರದೇಶದವನು ಎಂಬುದು ನಿಘಂಟಿನ ಮೊದಲ ಅರ್ಥ; ಹಳ್ಳಿಯ ಬಾಯಲ್ಲಿ ಅದು ಹಿಂದೆ ಮುಂದೆ ಯಾರೂ ಇಲ್ಲದ ದಿಕ್ಕುಗೇಡಿ. ತಾಯಿ ಸತ್ತ ಮಗುವನ್ನು ನೋಡಿ ‘ಕೂಸು ಪರದೇಶಿ ಆಗಿಬಿಡ್ತು’ ಎಂದು ಮಲೆನಾಡಿನ ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ತಮಿಳಿನಲ್ಲೂ ಅದೇ ಪದ, ಅದೇ ಅರ್ಥ. ಚಹಾ ತೋಟಕ್ಕೆ ಹೋಗಿ ಜೀತದಲ್ಲಿ ಸಿಕ್ಕಿಬಿದ್ದ ಹಳ್ಳಿಗರ ಕಥೆ ಹೇಳುವ ಬಾಲಾ ಅವರ 2013ರ ಚಿತ್ರದ ಹೆಸರೂ ‘ಪರದೇಶಿ’. ಎರಡು ಭಾಷೆಗಳು ನೀರಿಗಾಗಿ ಎಷ್ಟೇ ಜಗಳವಾಡಲಿ, ನೆಲೆ ತಪ್ಪಿದವರ ಸಂಕಟಕ್ಕೆ ಒಂದೇ ಪದವನ್ನು ಇಟ್ಟುಕೊಂಡಿವೆ.

ಆಕೆಗೆ ಲೈಸೆನ್ಸು ಬೇಕಾಗಿದ್ದದ್ದು ತರಕಾರಿ ತರಲು, ಸಂಜೆ ಬೆಸೆಂಟ್ ನಗರದ ಕಡಲ ತಡಿಗೆ ಹೋಗಲು, ವಾರಕ್ಕೊಮ್ಮೆ ಸಂಗೀತದ ಪಾಠಕ್ಕೆ. ಸ್ಕೂಟರಿನ ಕೆಲಸ. ಕಾಲೇಜಿಗೆ ಹೋಗುವಾಗ ಶಿವಮೊಗ್ಗದಲ್ಲಿ ಕೈನೆಟಿಕ್ ಹೋಂಡಾ ಓಡಿಸುತ್ತಿದ್ದ ಕೈ ಅದು.

‘ಊರಿಗೆ ಹೋಗಿ ಮಾಡಿಸ್ಕೊಂಡು ಬನ್ನಿ, ಇಲ್ಲಿ ಆಗೋದಿಲ್ಲ’ ಎಂದರು ಕೆಳಮಹಡಿಯ ರಾಯರು. ನಲವತ್ತು ವರ್ಷದಿಂದ ಚೆನ್ನೈನಲ್ಲಿದ್ದರೂ ಅವರ ಲೈಸೆನ್ಸು ಉಡುಪಿಯದೇ, ಕೆಎ 20. ಪ್ರತಿ ಸಲವೂ ಊರಿಗೆ ಹೋದಾಗಲೇ ನವೀಕರಿಸಿಕೊಂಡು ಬಂದವರು. ಚೆನ್ನೈನ ಕನ್ನಡಿಗರಲ್ಲಿ ಇಂಥವರು ಬಹಳ. ರಾತ್ರಿ ಕಾವೇರಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಮೈಸೂರಿನಲ್ಲಿ ಇಳಿದು, ಆರ್‌ಟಿಓ ಬಾಗಿಲು ತೆರೆಯುವ ಮೊದಲೇ ಸರದಿಯಲ್ಲಿ ನಿಂತು, ಸಂಜೆಯ ಗಾಡಿಗೆ ವಾಪಸು. ನಿಯಮ ಹಾಗೆ ಹೇಳುತ್ತದೆ ಎಂಬ ನಂಬಿಕೆ ಒಂದು ಕಾರಣ. ಕಾರ್ಡಿನ ಮೇಲಿನ ‘ಕೆಎ’ ಎಂಬ ಎರಡಕ್ಷರ ಊರಿನ ಜತೆ ಉಳಿದ ಕೊನೆಯ ದಾರ ಅನ್ನಿಸುವುದು ಇನ್ನೊಂದು. ಮನೆ ಮಾರಿಯಾಗಿದೆ, ಪಡಿತರ ಚೀಟಿ ಇಲ್ಲಿಯದು, ಮಕ್ಕಳ ಮೂರನೆಯ ಭಾಷೆ ಕನ್ನಡ. ಆ ದಾರವನ್ನಾದರೂ ಬಿಡಲು ಮನಸ್ಸು ಬಾರದು. ಈ ಮನಸ್ಸನ್ನು ಹಗುರವಾಗಿ ನೋಡಬಾರದು.

ಕಾಯ್ದೆ ಮಾತ್ರ ಇಷ್ಟು ಬಿಗಿಯಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಎಲ್ಲಿ ಕೊಟ್ಟ ಲೈಸೆನ್ಸೇ ಆಗಲಿ, ಭಾರತದ ಉದ್ದಗಲಕ್ಕೂ ನಡೆಯುತ್ತದೆ. 15ನೇ ಸೆಕ್ಷನ್ ಪ್ರಕಾರ ಯಾವ ಲೈಸೆನ್ಸಿಂಗ್ ಅಧಿಕಾರಿ ಬೇಕಾದರೂ ಅದನ್ನು ನವೀಕರಿಸಬಹುದು. ನವೀಕರಿಸಿದ ಮೇಲೆ ಮೊದಲು ಕೊಟ್ಟ ಕಚೇರಿಗೆ ತಿಳಿಸಬೇಕು, ಅಷ್ಟೇ. ಚೆನ್ನೈನಲ್ಲಿ ಕೂತ ಅಧಿಕಾರಿ ಉಡುಪಿಗೆ ಒಂದು ಮಾತು ತಿಳಿಸಿದರೆ ಮುಗಿಯಿತು. ಇನ್ನು ಹೊಸದಾಗಿ ಲೈಸೆನ್ಸು ಕೇಳುವವರಿಗೆ 9ನೇ ಸೆಕ್ಷನ್. ಅರ್ಜಿದಾರರು ಸಾಮಾನ್ಯವಾಗಿ ವಾಸವಾಗಿರುವ ಅಥವಾ ವ್ಯವಹಾರ ನಡೆಸುವ ಜಾಗವನ್ನು ಅದು ಕೇಳುತ್ತದೆ. ಪ್ರಜೆಯಾಗಿರಬೇಕು ಎಂಬ ಷರತ್ತು ಅಲ್ಲಿಲ್ಲ. ಶ್ರೀಪೆರಂಬದೂರಿನ ಕಾರು ಕಾರ್ಖಾನೆಗೆ ಬಂದ ಕೊರಿಯಾದ ಎಂಜಿನಿಯರ್, ಅಡಯಾರಿನಲ್ಲಿ ಭರತನಾಟ್ಯ ಕಲಿಯಲು ನೆಲೆಸಿದ ಫ್ರೆಂಚ್ ಹುಡುಗಿ, ಸಾಗರದಿಂದ ಟೆಕ್ಸಾಸ್ ಸುತ್ತಿ ಮೈಲಾಪುರಕ್ಕೆ ಬಂದ ಈ ಹೆಂಗಸು, ಮೂವರೂ ಆ ಕಿಟಕಿಯ ಮುಂದೆ ನಿಂತಾಗ ಮೊದಲ ಪ್ರಶ್ನೆ ಒಂದೇ: ಮನೆ ಎಲ್ಲಿ?

ವಾಹನದ ಕಥೆ ಬೇರೆ. ಕರ್ನಾಟಕದ ನಂಬರಿನ ಕಾರು ಹನ್ನೆರಡು ತಿಂಗಳು ಮೀರಿ ತಮಿಳುನಾಡಿನಲ್ಲಿ ಉಳಿದರೆ ಇಲ್ಲಿಯ ನಂಬರು ಹಾಕಿಸಿಕೊಳ್ಳಬೇಕು, ಇಲ್ಲಿಯ ರಸ್ತೆ ತೆರಿಗೆ ಕಟ್ಟಬೇಕು. ನಂಬರ್ ಪ್ಲೇಟು ಎಲ್ಲರ ಕಣ್ಣಿಗೂ ಬೀಳುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿನ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದಾಗ ಬೆಂಗಳೂರಿನಲ್ಲಿ ಟಿಎನ್ ಎಂದು ಬರೆದ ಬಸ್ಸುಗಳು ಡಿಪೋದಲ್ಲಿ ಸಾಲಾಗಿ ಉರಿದವು. ಅದೇ ದಿನ ನಸುಕಿಗೆ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಎಸೆದರು. ಎರಡೂ ಊರಿನಲ್ಲಿ ಕಾರುಗಳ ನಂಬರಿಗೆ ಜನ ಕಾಗದ ಅಂಟಿಸಿದರು, ಗೋಣಿ ಹೊದಿಸಿದರು. ಕಿಸೆಯೊಳಗಿನ ಲೈಸೆನ್ಸನ್ನು ಮಾತ್ರ ಯಾರೂ ಬಚ್ಚಿಡಬೇಕಾಗಿ ಬರಲಿಲ್ಲ.

ಆ ಹೋಟೆಲನ್ನು ಕಟ್ಟಿದವರು ದಕ್ಷಿಣ ಕನ್ನಡದ ಕೆ. ಕೃಷ್ಣರಾಯರು. ಚಿಕ್ಕ ವಯಸ್ಸಿಗೆ ಮದ್ರಾಸಿಗೆ ಬಂದು, ಅಡುಗೆಮನೆಯಲ್ಲಿ ದುಡಿದು, 1938ರಲ್ಲಿ ರಾಯಪೇಟೆಯಲ್ಲಿ ಮೊದಲ ವುಡ್‌ಲ್ಯಾಂಡ್ಸ್ ತೆರೆದರು. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಅವರು ಮಾಡಿದ ಡ್ರೈವ್-ಇನ್ ಹೋಟೆಲಿಗೆ ಈ ಕಥೆಯಲ್ಲಿ ಒಂದು ಜಾಗ ಸಲ್ಲಬೇಕು. ಮರದ ನೆರಳಿಗೆ ಕಾರು ತಂದು ನಿಲ್ಲಿಸಿದರೆ ಮಾಣಿ ಬಂದು ಕಿಟಕಿಗೆ ತಟ್ಟೆ ಸಿಕ್ಕಿಸುವನು. ಅದರ ಮೇಲೆ ದೋಸೆ, ಪಕ್ಕದಲ್ಲಿ ಹಬೆಯಾಡುವ ಕಾಫಿ. ಹೊಸದಾಗಿ ಲೈಸೆನ್ಸು ಸಿಕ್ಕ ಹುಡುಗರು ಅಪ್ಪನ ಅಂಬಾಸಿಡರನ್ನೋ ಫಿಯಟನ್ನೋ ಕೇಳಿ ಪಡೆದು ಮೊದಲು ಹೋಗುತ್ತಿದ್ದ ಜಾಗಗಳಲ್ಲಿ ಅದೂ ಒಂದು. 2008ರಲ್ಲಿ ಅದು ಮುಚ್ಚಿತು. 2010ರಲ್ಲಿ ಆ ನೆಲದ ಮೇಲೆ ಸೆಮ್ಮೊಳಿ ಪೂಂಗಾ, ಎಂದರೆ ಶಾಸ್ತ್ರೀಯ ಭಾಷೆಯ ಹೆಸರಿನ ಉದ್ಯಾನ ಎದ್ದಿತು.

ಕೃಷ್ಣರಾಯರು ಮದ್ರಾಸಿಗೆ ಬಂದಾಗ ಪರಊರಿಗೆ ಬಂದಿದ್ದರು, ಪರರಾಜ್ಯಕ್ಕಲ್ಲ. ಆಗ ದಕ್ಷಿಣ ಕನ್ನಡವೂ ಮದ್ರಾಸ್ ಪ್ರಾಂತದ್ದೇ ಜಿಲ್ಲೆ. ಬಳ್ಳಾರಿ ಮೈಸೂರಿಗೆ ಸೇರಿದ್ದು 1953ರಲ್ಲಿ, ಮಂಗಳೂರು ಉಡುಪಿ 1956ರಲ್ಲಿ. ಅದೇ ವರ್ಷ ಕಾಸರಗೋಡು ಕೇರಳಕ್ಕೆ ಹೋಯಿತು. 1956ರ ಅಕ್ಟೋಬರ್ 31ರ ರಾತ್ರಿ ಮದ್ರಾಸಿನ ಬಾಡಿಗೆ ಮನೆಯಲ್ಲಿ ಮಲಗಿದ ಮಂಗಳೂರಿನ ಮನುಷ್ಯ ಬೆಳಿಗ್ಗೆ ಏಳುವಾಗ ಬೇರೆ ರಾಜ್ಯದವನಾಗಿದ್ದ. ಆತ ಹಾಸಿಗೆಯಿಂದ ಕದಲಿರಲಿಲ್ಲ, ಗಡಿ ಕದಲಿತ್ತು.

ಟೆಕ್ಸಾಸ್‌ನಲ್ಲಿ ಆಕೆಯ ಮೊದಲ ವರ್ಷಗಳು ಲೈಸೆನ್ಸಿನ ಭಯದಲ್ಲೇ ಹೋಗಿದ್ದವು. ಆ ನಾಡಿನಲ್ಲಿ ಕಾರಿಲ್ಲದೆ ಹಾಲು ತರಲಾಗದು. ಅಮೆರಿಕದಲ್ಲಿ 2005ರ ರಿಯಲ್ ಐಡಿ ಕಾಯ್ದೆ ಬಂದ ಮೇಲಂತೂ ತಾತ್ಕಾಲಿಕ ವೀಸಾದವರಿಗೆ ಲೈಸೆನ್ಸಿನ ಆಯಸ್ಸು ವೀಸಾದ ಆಯಸ್ಸೇ. ಎಚ್‌-1ಬಿ ವೀಸಾ ಮುಂದುವರಿಯುವ ಕಾಗದ ತಡವಾದರೆ ಲೈಸೆನ್ಸೂ ನಿಂತಂತೆ. ಮನೆಯವರೆಲ್ಲ ಅಂಚೆಪೆಟ್ಟಿಗೆಯನ್ನು ದಿನಕ್ಕೆರಡು ಸಲ ನೋಡುವಂತಾಗುತ್ತದೆ. ಕರಾವಳಿಯವರು ದುಡಿಯಲು ಹೋಗುವ ಕುವೈತ್‌ನಲ್ಲಿ ಹೊರದೇಶದವರು ಲೈಸೆನ್ಸು ಪಡೆಯಲು 600 ದಿನಾರ್ ಸಂಬಳ, ಪದವಿ, ಎರಡು ವರ್ಷದ ವಾಸ ಬೇಕೆಂಬ ಷರತ್ತುಗಳಿವೆ. ಕೆಲವು ವೃತ್ತಿಗಳಿಗಷ್ಟೇ ವಿನಾಯಿತಿ. ಕಡಿಮೆ ಸಂಬಳದ ಭಟ್ಕಳದ ಹುಡುಗ ಎಷ್ಟೇ ಚೆನ್ನಾಗಿ ಕಾರು ಓಡಿಸಲಿ, ಅವನ ಸಂಬಳದ ಚೀಟಿಯೇ ಅವನ ಪರೀಕ್ಷೆ. ಇದು ಅನ್ಯಾಯ. ಕೈಕಾಲು ಕಣ್ಣಿನ ವಿದ್ಯೆಯನ್ನು ಸಂಬಳದಲ್ಲಿ ಅಳೆಯಬಾರದು.

ನಮ್ಮ ಕಾಯ್ದೆಯ 14ನೇ ಸೆಕ್ಷನ್ ಲೈಸೆನ್ಸಿನ ಆಯಸ್ಸನ್ನು ಮನುಷ್ಯನ ಆಯಸ್ಸಿನಿಂದ ಅಳೆಯುತ್ತದೆ. 2019ರ ತಿದ್ದುಪಡಿಯ ನಂತರದ ಲೆಕ್ಕ ಹೀಗೆ: ಮೂವತ್ತರೊಳಗೆ ಪಡೆದದ್ದು ನಲವತ್ತು ತುಂಬುವ ತನಕ, ಮೂವತ್ತರಿಂದ ಐವತ್ತರೊಳಗೆ ಪಡೆದದ್ದು ಹತ್ತು ವರ್ಷ, ಐವತ್ತರಿಂದ ಐವತ್ತೈದರೊಳಗಾದರೆ ಅರವತ್ತು ತುಂಬುವ ತನಕ, ಅದರಾಚೆ ಐದೈದು ವರ್ಷ. ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲಿಂದ ಮುಗಿದು ಒಂದು ವರ್ಷದ ತನಕ ನವೀಕರಣಕ್ಕೆ ಅರ್ಜಿ ಹಾಕಬಹುದು. ವರ್ಷ ದಾಟಿತೋ, ಮತ್ತೆ ಓಡಿಸಿ ತೋರಿಸಬೇಕು.

ಆಕೆಯದು ಏಳು ವರ್ಷ ದಾಟಿತ್ತು.

ಅಡ್ಡಿ ಬಂದದ್ದು ಬೇರೆ ಕಡೆಯಿಂದ. ಈಗ ದೇಶದ ಬಹುಪಾಲು ಲೈಸೆನ್ಸುಗಳು ‘ಸಾರಥಿ’ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿವೆ. 1996ರಲ್ಲಿ ಕೈಯಲ್ಲಿ ಬರೆದು ಕೊಟ್ಟದ್ದು ಅದರಲ್ಲಿ ಇರಲಿಲ್ಲ. ನಂಬರು ಹಾಕಿದರೆ ಪರದೆ ಖಾಲಿ. ಇಂಥದ್ದಕ್ಕೆ ಕಚೇರಿಗಳಲ್ಲಿ ‘ಬ್ಯಾಕ್‌ಲಾಗ್ ಎಂಟ್ರಿ’ ಎನ್ನುತ್ತಾರೆ. ಮೊದಲು ಕೊಟ್ಟ ಕಚೇರಿಯೇ ತನ್ನ ಹಳೆಯ ದಫ್ತರ ತೆಗೆದು ಅದನ್ನು ಕಂಪ್ಯೂಟರಿಗೆ ಏರಿಸಬೇಕು. ಶಿವಮೊಗ್ಗದಲ್ಲಿರುವ ಅಣ್ಣನಿಗೆ ಫೋನು ಹೋಯಿತು.

‘ಎಂಥ ಮಾರಾಯ್ತಿ, ಇಪ್ಪತ್ತೇಳು ವರ್ಷದ ಹಿಂದಿನದು! ಅಪ್ಪಯ್ಯ ಇದ್ದಿದ್ರೆ ತಾರೀಕು ಸಮೇತ ಹೇಳ್ತಿದ್ರು.’

‘ಪುಸ್ತಕ ನನ್ನ ಕೈಲೇ ಇದೆ ಅಣ್ಣ. ಫೋಟೊ ತೆಗೆದು ಕಳಿಸ್ತೀನಿ. ಮೊಹರು ಚೆನ್ನಾಗಿ ಕಾಣುತ್ತೆ.’

ಅಣ್ಣ ಮೂರು ಸಲ ಹೋಗಿಬಂದರು. ಮೂರನೆಯ ಸಲ ಗುಮಾಸ್ತರೊಬ್ಬರು ಬಟ್ಟೆ ರಟ್ಟಿನ ದಪ್ಪ ರಿಜಿಸ್ಟರನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟು ಸಾಲು ಸಾಲಾಗಿ ಇಳಿಯುತ್ತ ಬಂದು ಒಂದು ಕಡೆ ನಿಲ್ಲಿಸಿದರು. ನೀಲಿ ಶಾಯಿಯಲ್ಲಿ ಆಕೆಯ ಹೆಸರು, ಮದುವೆಗೆ ಮುಂಚಿನ ಇನಿಷಿಯಲ್ಲು, ಅಪ್ಪನ ಹೆಸರು, ಮನೆಯ ವಿಳಾಸ. ಅಣ್ಣ ಆ ಪುಟದ ಫೋಟೊ ತೆಗೆದು ಕಳಿಸಿದರು. ಆಕೆ ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಆ ವಿಳಾಸದ ಮನೆ ಈಗಿಲ್ಲ.

ವಿಳಾಸಕ್ಕೆ ಆಧಾರ್ ಕಾರ್ಡು ಬೇಕಿತ್ತು. ಅದು ವಿದೇಶಿ ಪ್ರಜೆಗೆ ಹೇಗೆ ಸಿಕ್ಕೀತು ಎಂದು ನೆಂಟರಿಗೆಲ್ಲ ಅನುಮಾನ. ಆಧಾರ್ ಕಾಯ್ದೆ ಕೇಳುವುದು ವಾಸವನ್ನು: ಅರ್ಜಿ ಹಾಕುವ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿದ್ದಿರಬೇಕು. ಪಾಸ್‌ಪೋರ್ಟಿನ ಮೊಹರುಗಳನ್ನು ಕೂಡಿ ಕಳೆದರೆ ಆಕೆಯ ದಿನಗಳು ಅದಕ್ಕಿಂತ ಬಹಳ ಹೆಚ್ಚಿದ್ದವು. ಆಕೆಯ ಹತ್ತಿರ ಈಗ ಎಷ್ಟೊಂದು ಕಾಗದ! ಪಾಸ್‌ಪೋರ್ಟು ಯಾವ ದೇಶಕ್ಕೆ ಸೇರಿದವಳು ಎನ್ನುತ್ತದೆ. ಓಸಿಐ ಯಾವ ಬೇರಿನವಳು ಎನ್ನುತ್ತದೆ. ಆಧಾರ್ ಎಷ್ಟು ದಿನ ಇದ್ದಳು ಎಂದು ಎಣಿಸುತ್ತದೆ. ಲೈಸೆನ್ಸು ಒಂದೇ ನಿನ್ನ ಕಣ್ಣು ಹೇಗಿದೆ, ಕೈ ಹೇಗಿದೆ, ಬೀದಿಯಲ್ಲಿ ಎದುರು ಬರುವವರ ಮೈಮೇಲೆ ಎಚ್ಚರ ಇದೆಯೇ ಎಂದು ಕೇಳುವುದು.

ಹಾಗೆ ಕೇಳುವ ಕಾಗದ ಫಾರಂ 1ಎ. ನಲವತ್ತು ದಾಟಿದವರು ವೈದ್ಯರಿಂದ ಬರೆಸಿ ತರಬೇಕು. ಅದರ ಜತೆಯ ಸ್ವಯಂಘೋಷಣೆಯಲ್ಲಿ ಒಂದು ಪ್ರಶ್ನೆ ತುಂಬ ಚೆನ್ನಾಗಿದೆ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ, ಬೇಕಾದರೆ ಕನ್ನಡಕ ಹಾಕಿಕೊಂಡು, ಕಾರಿನ ನಂಬರ್ ಪ್ಲೇಟನ್ನು ಒಂದೊಂದು ಕಣ್ಣಿನಿಂದಲೂ ಗುರುತಿಸಬಲ್ಲಿರಾ? ಕ್ಲಿನಿಕ್ಕಿನ ಹಿರಿಯ ವೈದ್ಯರು ಗೋಡೆಯ ಅಕ್ಷರದ ಪಟ ತೋರಿಸಿದ್ದಾದ ಮೇಲೆ ಆಕೆಯನ್ನು ಬಾಗಿಲ ತನಕ ಕರೆತಂದರು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಆಚೆ ಬದಿಯಲ್ಲಿ ನಿಂತ ಆಟೋದ ನಂಬರು ಓದಲು ಹೇಳಿದರು. ‘ಟಿಎನ್ 06...’ ಎಂದು ಆಕೆ ಓದತೊಡಗಿದಾಗ ಆಟೋದವನು ಏನೋ ತಪ್ಪಾಯಿತೆಂದು ಗಾಡಿ ಬಿಟ್ಟು ಇಳಿದು ಬಂದ. ವೈದ್ಯರು ನಗುತ್ತ ಅವನಿಗೆ ವಿಷಯ ಹೇಳಿದರು. ಅವನು ಇನ್ನೊಂದು ಕಣ್ಣಿನ ಸರದಿ ಮುಗಿಯುವ ತನಕ ಗಾಡಿಯನ್ನು ಕದಲಿಸದೆ ನಿಂತ.

ಕಾರಿನ ಮಟ್ಟಿಗೆ ಆಕೆಗೆ ಒಂದು ದಾರಿ ಇತ್ತು. ಬೇರೆ ದೇಶದ ಲೈಸೆನ್ಸು ಇರುವವರಿಗೆ ಅದೇ ವರ್ಗದ ವಾಹನದಲ್ಲಿ ಪರೀಕ್ಷೆ ಬೇಡ ಎನ್ನುವ ಅವಕಾಶ 9ನೇ ಸೆಕ್ಷನ್‌ನಲ್ಲಿದೆ. ಅದೇ ವರ್ಗ ಎಂಬುದು ಮುಖ್ಯ. ಟೆಕ್ಸಾಸ್‌ನ ಲೈಸೆನ್ಸು ಕಾರಿಗೆ ಮಾತ್ರ, ಸ್ಕೂಟರಿಗಲ್ಲ. ಎರಡಕ್ಕೂ ಪರೀಕ್ಷೆ ಕೊಡುತ್ತೇನೆ ಎಂದು ಆಕೆಯೇ ತೀರ್ಮಾನ ಮಾಡಿದರು. ಅದು ಸರಿಯಾದ ತೀರ್ಮಾನ. ಇಪ್ಪತ್ತೆರಡು ವರ್ಷ ರಸ್ತೆಯ ಬಲಬದಿಯಲ್ಲಿ ಓಡಿಸಿದ ಕೈ ಅದು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೊದಲ ದಿನ ತಿರುವು ಬಂದಾಗಲೆಲ್ಲ ಎಡಗೈ ಇಂಡಿಕೇಟರ್ ಹುಡುಕಿತು. ಅಮೆರಿಕದ ಕಾರಿನಲ್ಲಿ ಅದು ಎಡಕ್ಕೆ, ಇಲ್ಲಿ ಬಲಕ್ಕೆ. ಮೇ ತಿಂಗಳ ಉರಿಬಿಸಿಲಿನಲ್ಲಿ ಗಾಜಿನ ಮೇಲೆ ವೈಪರ್ ಆಡಿತು. ಕಲಿಸುವ ಹುಡುಗ ಏನೂ ಅನ್ನಲಿಲ್ಲ. ಬಲಗೈಯನ್ನು ಒಮ್ಮೆ ಎತ್ತಿ ತೋರಿಸಿದ, ಅಷ್ಟೇ. ನಾಲ್ಕನೆಯ ದಿನಕ್ಕೆ ಕೈಗೆ ತಿಳಿಯಿತು.

ಸ್ಕೂಟರಿನ ಪರೀಕ್ಷೆ ಎಂದರೆ ಎಂಟು ಹಾಕುವುದು. ನೆಲದ ಮೇಲೆ ಎಳೆದ 8ರ ಗೆರೆಯ ಮೇಲೆ ಕಾಲು ಕೆಳಗಿಡದೆ ಸುತ್ತಬೇಕು. ಶಿವಮೊಗ್ಗದಲ್ಲಿ ‘ಎಂಟು ಹಾಕು’, ಚೆನ್ನೈನಲ್ಲಿ ‘ಎಟ್ಟು ಪೋಡು’. ಒಂದೇ ಬೇರಿನ ಪದ, ಒಂದೇ ಪರೀಕ್ಷೆ. ಅಂಕಿ ಮಾತ್ರ ಎರಡೂ ಕಡೆಯದಲ್ಲ. ಕನ್ನಡದ ೮ರ ಮೇಲೆ ಸ್ಕೂಟರ್ ಓಡಿಸಿದರೆ ಹೊರಟಲ್ಲಿಗೆ ವಾಪಸು ಬರಲಾಗದು. ತಮಿಳಿನ ಎಂಟು ಆ ಭಾಷೆಯ ‘ಅ’ಕಾರದಂತೆ ಇರುವುದರಿಂದ ಅದರ ಮೇಲೂ ಆಗದು. ಸುತ್ತಿ ಸುತ್ತಿ ಮೊದಲಿಗೇ ಬಂದು ಸೇರುವ ಗುಣ ಇಂಗ್ಲಿಷ್ ಎಂಟಿನದು.

ಎಂಟಿನಲ್ಲಿ ಸೋಲುವುದು ವೇಗದಿಂದಲ್ಲ, ನೋಟದಿಂದ. ಮುಂದಿನ ಚಕ್ರವನ್ನೇ ನೋಡುತ್ತಿದ್ದರೆ ಗಾಡಿ ವಾಲುತ್ತದೆ, ಕಾಲು ತಾನಾಗಿ ನೆಲಕ್ಕೆ ಬರುತ್ತದೆ. ಕುತ್ತಿಗೆಯನ್ನು ತಿರುಗಿಸಿ ಮುಂದೆ ಹೋಗಬೇಕಾದ ಗೆರೆಯನ್ನು ನೋಡಬೇಕು. ಹ್ಯಾಂಡಲ್ ಕಣ್ಣಿನ ಹಿಂದೆ ಬರುತ್ತದೆ. ಎರಡು ಸುತ್ತು ಕೂಡುವ ನಡುವಿನ ಜಾಗದಲ್ಲಿ ಮೈ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲುವ ಒಂದು ಗಳಿಗೆ ಇದೆ. ಅಲ್ಲಿ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟರೆ ಕೆಟ್ಟಿತು. ‘ಕಾಲೈ ಕೀಳೆ ವೈಕ್ಕಾದೀಂಗಮ್ಮಾ, ಕಾಲೈ ಕೀಳೆ ವೈಕ್ಕಾದೀಂಗ’ ಎಂದು ಹುಡುಗ ಪಕ್ಕದಲ್ಲೇ ಓಡುತ್ತ ಬರುತ್ತಿದ್ದ. ಕಾಲು ಕೆಳಗಿಡಬೇಡಿ ಅಮ್ಮಾ.

ಪರೀಕ್ಷೆಯ ಬೆಳಿಗ್ಗೆ ಮೈದಾನದಲ್ಲಿ ಮೂವತ್ತು ನಲವತ್ತು ಜನ. ಕಾಲೇಜಿನ ಹುಡುಗಿಯರು, ಊಟ ಹಂಚುವ ಕೆಲಸಕ್ಕೆ ಸೇರಲಿರುವ ಒಡಿಶಾದ ಇಬ್ಬರು ಯುವಕರು, ಬಿಳಿ ವೇಷ್ಟಿಯ ಒಬ್ಬ ಅಜ್ಜ. ಮೋಟಾರು ವಾಹನ ಇನ್‌ಸ್ಪೆಕ್ಟರನ್ನು ಜನ ಇಂದಿಗೂ ‘ಬ್ರೇಕ್ ಇನ್‌ಸ್ಪೆಕ್ಟರ್’ ಎಂದೇ ಕರೆಯುತ್ತಾರೆ, ಕರ್ನಾಟಕದಲ್ಲೂ ಹಾಗೆಯೇ. ಆಕೆಯ ಸರದಿ ಬಂತು. ಮೊದಲ ಸುತ್ತು ಬಿಗಿಯಾಗಿತ್ತು. ಎರಡನೆಯದರಲ್ಲಿ ಮೈಗೆ ಹಳೆಯ ಕೈನೆಟಿಕ್ ಹೋಂಡಾದ ನೆನಪು ಬಂದು ಸಡಿಲವಾಯಿತು. ಗಾಡಿ ಹೊರಟಲ್ಲಿಗೇ ಬಂದು ನಿಂತಾಗ ವೇಷ್ಟಿಯ ಅಜ್ಜ ಚಪ್ಪಾಳೆ ತಟ್ಟಿದರು.

ಗೋಡೆಯ ಮೇಲೆ ತಮಿಳಿನಲ್ಲಿ ‘ಓಟ್ಟುನರ್ ಉರಿಮಂ’ ಎಂದು ಬರೆದಿತ್ತು. ಉರಿಮೈ ಎಂದರೆ ಹಕ್ಕು. ಉರಿಮಂ ಅದರಿಂದಲೇ ಬಂದದ್ದು. ಕನ್ನಡದಲ್ಲಿ ನಾವು ‘ಚಾಲನಾ ಪರವಾನಗಿ’ ಎನ್ನುತ್ತೇವೆ. ಪರವಾನಗಿ ಪಾರಸಿಯಿಂದ ಬಂದ ಪದ, ಅಪ್ಪಣೆ ಎಂದು ಅರ್ಥ. ಒಂದೇ ಕಾರ್ಡನ್ನು ಒಂದು ನಾಡು ಹಕ್ಕಿನ ಪದದಿಂದ ಕರೆದಿದೆ, ಇನ್ನೊಂದು ಅಪ್ಪಣೆಯ ಪದದಿಂದ. ಎರಡರಲ್ಲಿ ತಮಿಳಿನದು ಕಿವಿಗೆ ಹಿತ.

ಕೊನೆಗೆ ಫೋಟೊ ಮತ್ತು ಸಹಿ. ಕೌಂಟರಿನ ಹುಡುಗಿ ಹಳೆಯ ಲೈಸೆನ್ಸನ್ನೂ ಪಾಸ್‌ಪೋರ್ಟನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಒಂದರಲ್ಲಿ ಕನ್ನಡದ ಸಹಿ, ಇನ್ನೊಂದರಲ್ಲಿ ಇಂಗ್ಲಿಷಿನದು. ‘ಮೇಡಂ, ಇದರಲ್ಲಿ ಯಾವುದು?’ ಎಂದು ತಮಿಳಿನಲ್ಲಿ ಕೇಳಿದಳು. ಬ್ಯಾಂಕಿನಲ್ಲಿ, ವೀಸಾದಲ್ಲಿ, ಮನೆಯ ಕರಾರಿನಲ್ಲಿ ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಸಹಿಯೇ ನಡೆದಿತ್ತು. ಆಕೆ ಕಡ್ಡಿಯಂಥ ಪೆನ್ನನ್ನು ತೆಗೆದುಕೊಂಡು ಅಂಗೈಯಗಲದ ಕಪ್ಪು ಹಲಗೆಯ ಮೇಲೆ ಕನ್ನಡದಲ್ಲಿ ಹೆಸರು ಬರೆದರು. ಹೆಸರಿನ ನಡುವಿನ ಒತ್ತಕ್ಷರ ಚೌಕದ ಕೆಳಗಿನ ಗೆರೆಯನ್ನು ದಾಟಿತು. ಪರದೆಯ ಮೇಲೆ ಅದರ ಬಾಲ ಕತ್ತರಿಸಿಹೋಗಿತ್ತು.

‘ಸ್ವಲ್ಪ ಚಿಕ್ಕದಾಗಿ ಬರೀರಿ ಅಮ್ಮಾ, ಕೆಳಗಿನ ಅಕ್ಷರ ಪೂರ್ತಿ ಬರಲಿ’ ಎಂದಳು ಹುಡುಗಿ, ಹಲಗೆಯನ್ನು ಅಳಿಸಿ ಮತ್ತೆ ಆಕೆಯ ಕಡೆ ತಿರುಗಿಸುತ್ತ.